ತುಕ್ಕು ಬಿಟ್ಟಿತು, ಧೂಳು ಎಲ್ಲಿ ಹೋಯಿತು?

ಆ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ತುಕ್ಕು ಹಿಡಿದು ಕೆಂಪಗಾದ ಕಬ್ಬಿಣದ ಬಾಣಲೆ. ಪಿಸ್ತೂಲಿನಂಥ ಒಂದು ಸಾಧನವನ್ನು ಅದರ ಕಡೆ ಹಿಡಿಯುತ್ತಾರೆ. ಚರಚರ ಸದ್ದು, ಬೆಳ್ಳನೆಯ ಒಂದು ಗೆರೆ ಬೆಳಕು. ಗೆರೆ ಹಾದುಹೋದ ಕಡೆಯೆಲ್ಲ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಮರಳಿಲ್ಲ, ಆಸಿಡ್ ಇಲ್ಲ, ಉಜ್ಜಾಟ ಇಲ್ಲ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನಾನೂ ಎಷ್ಟೋ ರಾತ್ರಿ ಹಾಗೆ ಕೂತಿದ್ದೇನೆ.

ಪೀಣ್ಯದಲ್ಲಿ ಗೇಟು, ಗ್ರಿಲ್, ಶೆಡ್ಡಿನ ಟ್ರಸ್ (ಚಾವಣಿ ಹೊರುವ ಉಕ್ಕಿನ ಚೌಕಟ್ಟು) ಮಾಡುವ ಗೆಳೆಯನೊಬ್ಬ ಆ ವಿಡಿಯೊ ಕಳಿಸಿ, "ಇದೊಂದು ತಗೊಂಡ್ಬಿಡಲಾ?" ಎಂದು ಕೇಳಿದ. ಅವನ ಹತ್ತಿರ ಇರುವುದು ನಾಲ್ಕು ಜನ, ಎರಡು ಗ್ರೈಂಡರ್, ಒಂದು ಹಳೆಯ ಕಂಪ್ರೆಸರ್. ತಗೋ ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆಗಲಿಲ್ಲ. ಆ ಬಾಣಲೆಯ ತುಕ್ಕು ಎಲ್ಲಿ ಹೋಯಿತು ಎನ್ನುವುದು ವಿಡಿಯೊದಲ್ಲಿ ಕಾಣುವುದಿಲ್ಲ. ಅದೇನು ಮಾಯವಾಗುವ ವಸ್ತುವೇ? ಅಲ್ಲೇ ಗಾಳಿಯಲ್ಲಿ ಇರಬೇಕು, ಅಲ್ವಾ?

ಲೋಹದ ಮೈ ತೊಳೆಯುವ ಯಾವ ವಿಧಾನವನ್ನೇ ತೆಗೆದುಕೊಳ್ಳಿ. ಉಪ್ಪು ಕಾಗದದಿಂದ ಲೇಸರ್‌ವರೆಗೆ ಎಲ್ಲಕ್ಕೂ ಎರಡು ಪ್ರಶ್ನೆ ಕೇಳಬೇಕು. ತೆಗೆದ ಮೇಲೆ ಲೋಹದ ಮೇಲೆ ಏನು ಉಳಿಯಿತು? ತೆಗೆದದ್ದು ಎಲ್ಲಿಗೆ ಹೋಯಿತು? ಮೊದಲನೆಯದನ್ನು ಗಿರಾಕಿ ನೋಡಿಕೊಳ್ಳುತ್ತಾನೆ. ಎರಡನೆಯದನ್ನು ಯಾರೂ ಕೇಳುವುದಿಲ್ಲ. ಅದರ ಖರ್ಚು ಕೊಟೇಶನ್‌ನಲ್ಲಿ ಬರೆದಿರುವುದೂ ಇಲ್ಲ.

ಕಬ್ಬಿಣದ ಮೇಲೆ ಕೂತಿರುವುದೆಲ್ಲ ತುಕ್ಕಲ್ಲ

ಮೊದಲು ನಿಜವಾದ ತುಕ್ಕು. ಕಬ್ಬಿಣ, ನೀರು, ಆಮ್ಲಜನಕ ಸೇರಿ ಆದದ್ದು. ತಾನು ಹುಟ್ಟಿದ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಅದಕ್ಕೆ ಬೇಕು. ಅದಕ್ಕೇ ಊದಿಕೊಂಡು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಳೆಯ ಮನೆಯ ಸಜ್ಜಾ ಒಡೆದು ಒಳಗಿನ ಸರಳು ಕಾಣುವುದೂ ಇದೇ ಕಾರಣಕ್ಕೆ. ಸರಳಿನ ತುಕ್ಕು ಊದಿ ಕಾಂಕ್ರೀಟನ್ನೇ ಹೊರಗೆ ತಳ್ಳುತ್ತದೆ.

ಎರಡನೆಯದು ಮಿಲ್ ಸ್ಕೇಲ್. ಅಂಗಡಿಯಿಂದ ಹೊಸ ಆಂಗಲ್ (ಎಲ್ ಆಕಾರದ ಉಕ್ಕಿನ ಪಟ್ಟಿ) ತಂದರೆ ಮೇಲೆ ನೀಲಿ ಬೆರೆತ ಕಪ್ಪು ಹೊಳಪು ಇರುತ್ತದಲ್ಲ, ಅದು. ಅದು ಬಣ್ಣವಲ್ಲ. ಉಕ್ಕನ್ನು ಕೆಂಪಗೆ ಕಾಯಿಸಿ ರೋಲರ್‌ಗಳ ನಡುವೆ ಎಳೆಯುವಾಗ ಮೇಲ್ಮೈ ಗಾಳಿಗೆ ಸುಟ್ಟು ಆದ ಆಕ್ಸೈಡ್ ಪದರ. ಗಟ್ಟಿಯಾಗಿ, ನುಣುಪಾಗಿ ಇರುವುದರಿಂದ ಇದರ ಮೇಲೇ ಬಣ್ಣ ಹೊಡೆದರೆ ಸಾಕು ಅನಿಸುತ್ತದೆ. ಎಷ್ಟೋ ಕಡೆ ಹೊಡೆಯುತ್ತಾರೆ ಕೂಡ. ಆದರೆ ಬಿಸಿಲಿಗೆ, ಚಳಿಗೆ ಆ ಪದರ ಕೂದಲೆಳೆಯ ಬಿರುಕು ಬಿಡುತ್ತದೆ. ಬಿರುಕಿಗೆ ನೀರು ಇಳಿದರೆ ಪದರ ಮತ್ತು ಉಕ್ಕು ಸೇರಿ ಒಂದು ಪುಟ್ಟ ಬ್ಯಾಟರಿಯಾಗುತ್ತದೆ. ಆ ಬ್ಯಾಟರಿಯಲ್ಲಿ ಸವೆಯುವುದು ಪದರವಲ್ಲ, ಉಕ್ಕು. ಸವೆತವೆಲ್ಲ ಬಿರುಕಿನ ಜಾಗದಲ್ಲೇ ಆಗುವುದರಿಂದ ಅಲ್ಲಿ ಆಳವಾದ ಗುಂಡಿ ಬೀಳುತ್ತದೆ.

ಮೂರನೆಯದು ಹಳೆಯ ಬಣ್ಣ. ಅದರ ವಿಷಯ ಮುಂದೆ ಬರುತ್ತದೆ.

ನಾಲ್ಕನೆಯದು ಉಪ್ಪು. ಇದು ಕಣ್ಣಿಗೆ ಕಾಣುವುದಿಲ್ಲ. ಕಾರವಾರ, ಉಡುಪಿ, ಮಂಗಳೂರಿನವರಿಗೆ ಇದರ ಕಾಟ ಬಿಡಿಸಿ ಹೇಳಬೇಕಿಲ್ಲ. ಕಡಲ ಗಾಳಿಯ ಉಪ್ಪು ತುಕ್ಕಿನ ಗುಂಡಿಗಳ ತಳದಲ್ಲಿ ಕೂತುಬಿಡುತ್ತದೆ. ಮೇಲೆ ಕನ್ನಡಿಯ ಹಾಗೆ ಉಜ್ಜಿದರೂ ಅದು ಅಲ್ಲೇ ಇರುತ್ತದೆ. ಬಣ್ಣ ಹೊಡೆದ ಮೇಲೆ ಬಣ್ಣದ ಮೂಲಕವೇ ತೇವ ಎಳೆದುಕೊಳ್ಳುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಏಳುತ್ತದೆ. ಬಯ್ಯಿಸಿಕೊಳ್ಳುವುದು ಬಣ್ಣದ ಕಂಪನಿ. ಹಡಗು, ಸೇತುವೆಯಂಥ ದೊಡ್ಡ ಕೆಲಸಗಳಲ್ಲಿ ಇದಕ್ಕೊಂದು ಪರೀಕ್ಷೆ ಮಾಡುತ್ತಾರೆ. ಉಕ್ಕಿನ ಮೇಲೆ ಪುಟ್ಟ ಅಂಟುಪಟ್ಟಿ ಅಂಟಿಸಿ, ಸಿರಿಂಜಿನಿಂದ ಶುದ್ಧ ನೀರು ಬಿಟ್ಟು, ವಾಪಸ್ ಎಳೆದು, ಆ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ಅಳೆಯುತ್ತಾರೆ. ಉಪ್ಪಿದ್ದರೆ ಜಾಸ್ತಿ ಹರಿಯುತ್ತದೆ. ಬ್ರೆಸ್ಲ್ ಪರೀಕ್ಷೆ ಅನ್ನುತ್ತಾರೆ.

ಹಾಗೆಂದು ಎಲ್ಲ ಪದರವನ್ನೂ ಕೆರೆದು ಹಾಕಬೇಕು ಅಂತೇನಿಲ್ಲ. ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬಕ್ಕೆ ಸುಮಾರು 1,600 ವರ್ಷ. ಅದರ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇದೆ. ಅದರಿಂದ ಮೇಲೆ ತೆಳುವಾದ ಫಾಸ್ಫೇಟ್ ಪದರ ಬೆಳೆದು ಒಳಗಿನ ಕಬ್ಬಿಣವನ್ನು ಕಾಯುತ್ತಿದೆ ಎಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವಿವರಿಸಿದರು. ನಮ್ಮ ಕೊಡಚಾದ್ರಿಯ ಮೇಲೂ ದೇವಸ್ಥಾನದ ಮುಂದೆ ಒಂದು ಕಬ್ಬಿಣದ ಕಂಬ ಇದೆ. ಮಲೆನಾಡಿನ ಆ ಮಳೆಯಲ್ಲಿ ಅದು ಇನ್ನೂ ನಿಂತಿದೆ. ಯಾರಾದರೂ ಭಕ್ತಿಯಿಂದ ವೈರ್ ಬ್ರಷ್ ಹಿಡಿದು ಅದನ್ನು ಹೊಳಪು ಮಾಡಲು ಹೋಗದಿರಲಿ.

ಕಲಾಯಿಯ ಹೊಗೆ

ಈ ವಿದ್ಯೆ ನಮ್ಮ ಮನೆಗೆ ಹೊಸದಲ್ಲ. ಹುಣಸೆಹಣ್ಣು, ಉಪ್ಪು ಹಾಕಿ ಹಿತ್ತಾಳೆ ಚೆಂಬು ತಿಕ್ಕುತ್ತೇವೆ. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಕಾರ್ಖಾನೆಯಲ್ಲಿ ಇದನ್ನೇ ಪಿಕ್ಲಿಂಗ್ ಅನ್ನುತ್ತಾರೆ, ತೊಟ್ಟಿ ದೊಡ್ಡದು ಅಷ್ಟೇ.

ಕಲಾಯಿ ಹಾಕುವವನ ಕೆಲಸ ಇನ್ನೂ ಸೊಗಸು. ತಿದಿ ಒತ್ತಿ ಪಾತ್ರೆ ಕಾಯಿಸಿ, ಒಳಗೆ ನವಸಾಗರದ ಪುಡಿ ಎರಚಿ, ಬಟ್ಟೆಯಿಂದ ಒರೆಸುತ್ತಿದ್ದ. ಬುಸ್ ಎಂದು ಬಿಳಿ ಹೊಗೆ ಏಳುತ್ತಿತ್ತು. ಮಕ್ಕಳೆಲ್ಲ ಸುತ್ತ ಕೂತು ನೋಡುತ್ತಿದ್ದೆವು. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಕಾದಾಗ ಅದು ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗುತ್ತದೆ. ಆ ಆವಿ ತಾಮ್ರದ ಮೇಲಿನ ಆಕ್ಸೈಡನ್ನು ತಿಂದು ಹಾಕುತ್ತದೆ. ಹೊಸ ಆಕ್ಸೈಡ್ ಹುಟ್ಟುವ ಮೊದಲೇ ಕರಗಿದ ತವರ ಅಲ್ಲಿ ಹಿಡಿದುಕೊಳ್ಳುತ್ತದೆ. ಉಕ್ಕಿನ ಕಂಬಗಳಿಗೆ ಸತುವಿನ ಲೇಪ ಕೊಡುವ ಇಂದಿನ ಗ್ಯಾಲ್ವನೈಸಿಂಗ್ ಕಾರ್ಖಾನೆಯಲ್ಲೂ ಇದೇ ಕ್ರಮ. ಮೊದಲು ಜಿಡ್ಡು ತೆಗೆಯುವ ತೊಟ್ಟಿ, ನಂತರ ಆಮ್ಲದ ತೊಟ್ಟಿ, ಆಮೇಲೆ ಸತುವಿನ ಕ್ಲೋರೈಡ್ ಜೊತೆಗೆ ಅದೇ ನವಸಾಗರದ ದ್ರಾವಣ, ಕೊನೆಗೆ ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತು. ಬೀದಿಬದಿಯ ಕಲಾಯಿಯವನಿಗೂ ದೊಡ್ಡ ಕಾರ್ಖಾನೆಗೂ ನವಸಾಗರ ಒಂದೇ.

ನಮಗೆ ಆ ಹೊಗೆ ತಮಾಷೆಯಾಗಿತ್ತು. ಅವನು ದಿನವಿಡೀ ಅದನ್ನೇ ಉಸಿರಾಡುತ್ತಿದ್ದ.

ಆಮ್ಲದ ತೊಟ್ಟಿಯ ದೊಡ್ಡ ಗುಣ ಏನೆಂದರೆ ಅದು ಮೂಲೆ, ಪೈಪಿನ ಒಳಗು, ಬೆಸುಗೆಯ ಸಂದಿ ಎಲ್ಲ ಕಡೆ ತಲುಪುತ್ತದೆ. ಬ್ರಷ್ ತಲುಪುವುದಿಲ್ಲ. ದೋಷ ಎರಡು. ಆಮ್ಲ ಕಬ್ಬಿಣವನ್ನೂ ತಿನ್ನುತ್ತದೆ. ತಿನ್ನುವಾಗ ಹೈಡ್ರೋಜನ್ ಹುಟ್ಟಿ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಸಾಧಾರಣ ಆಂಗಲ್‌ಗೆ ಇದರಿಂದ ತೊಂದರೆ ಇಲ್ಲ. ತುಂಬಾ ಗಟ್ಟಿಯಾದ ಬೋಲ್ಟು, ಸ್ಪ್ರಿಂಗ್‌ಗಳಾದರೆ ಬಿಗಿದಿಟ್ಟ ಮೇಲೆ ಒಂದು ದಿನ ಹೇಳದೆ ಕೇಳದೆ ಟಪ್ ಅಂತ ಮುರಿಯಬಹುದು. ಅದಕ್ಕೆ ಅಂಥವನ್ನು ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಹೈಡ್ರೋಜನ್ ಓಡಿಸುತ್ತಾರೆ. ಇನ್ನೊಂದು ದೋಷ ಗೊತ್ತಿರುವುದೇ. ಕೆಲಸ ಮುಗಿದ ಆಮ್ಲದಲ್ಲಿ ಕಬ್ಬಿಣ, ಸತು ಎಲ್ಲ ಕರಗಿರುತ್ತವೆ. ಅದನ್ನು ಅಪಾಯಕಾರಿ ತ್ಯಾಜ್ಯ ಎಂದು ಬೇರೆಯಾಗಿ ವಿಲೇವಾರಿ ಮಾಡಬೇಕು. ಮೋರಿ ಹತ್ತಿರವಿದ್ದರೆ ಕೆಲವರು ಮಾಡುವುದು ಬೇರೆ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಸಿಕ್ಕಿರುವುದು ಎಲೆಕ್ಟ್ರೋಪ್ಲೇಟಿಂಗ್‌ನಂಥ ಕೆಲಸಗಳಿಂದ. ಅಲ್ಲಿಯೂ ತೊಟ್ಟಿ ಖಾಲಿಯಾಗುವುದು ಎಲ್ಲಿಗೆ ಎಂಬುದೇ ಪ್ರಶ್ನೆ.

ಮನೆಯವರಿಗೆ ಒಂದು ಮಾತು. ಬಚ್ಚಲು ತೊಳೆಯುವ ಆಸಿಡ್ ಅಂದರೆ ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲ. ಸ್ಟೀಲ್ ಸಿಂಕಿನ ಬಿಳಿ ಕಲೆ ಹೋಗಲಿ ಎಂದು ಅದನ್ನು ಸುರಿಯಬೇಡಿ. ಸ್ಟೇನ್‌ಲೆಸ್ ಸ್ಟೀಲಿಗೆ ಕ್ಲೋರೈಡೇ ಶತ್ರು. ಬಿಳಿ ಕಲೆ ಹೋಗಿ ಕಪ್ಪು ಚುಕ್ಕೆ ಬರುತ್ತದೆ, ಆ ಚುಕ್ಕೆ ಹೋಗುವುದಿಲ್ಲ. ಬೋರ್‌ವೆಲ್ ನೀರಿನ ಬಿಳಿ ಹೆಪ್ಪಿಗೆ ನಿಂಬೆಹಣ್ಣು, ವಿನೆಗರ್ ಸಾಕು.

ಗೇಟಿಗೆ ಬಣ್ಣ

ಹಬ್ಬಕ್ಕೆ ಮುಂಚೆ ಗೇಟಿಗೆ ಬಣ್ಣ ಹೊಡೆಸುವಾಗ ಏನಾಗುತ್ತದೆ ನೋಡಿ. ಪೇಂಟರ್ ಬಂದು ಪಟ್ಟಿಯಿಂದ ಕೆರೆದು, ಉಪ್ಪು ಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಕಪ್ಪು ಎನಾಮಲ್ ಹಚ್ಚುತ್ತಾನೆ. ಆತುರದಲ್ಲಿ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಓಡಿಸಿದರೆ ಇನ್ನೊಂದು ಮೋಸ ಇದೆ. ಗಟ್ಟಿ ತುಕ್ಕು ಹೋಗುವುದಿಲ್ಲ, ಪಾಲಿಶ್ ಆಗುತ್ತದೆ. ಹೊಳೆಯುವುದರಿಂದ ಹೋಗಿದೆ ಅನಿಸುತ್ತದೆ. ಆದರೂ ಮನೆಯ ಗೇಟಿಗೆ ಕೈಕೆಲಸ ಧಾರಾಳವಾಗಿ ಸಾಕು. ಎಣ್ಣೆ ಅಂಶದ ಪ್ರೈಮರ್ ಸ್ವಲ್ಪ ತುಕ್ಕಿದ್ದರೂ ಒಳಗೆ ಇಳಿದು ಹಿಡಿದುಕೊಳ್ಳುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಹೊಡೆದರಾಯಿತು. ಗೇಟೇನು ಸೇತುವೆಯಲ್ಲ.

ಇಲ್ಲಿ ನನಗೆ ಹೆದರಿಕೆ ಇರುವುದು ತುಕ್ಕಿನದಲ್ಲ, ಹಳೆಯ ಬಣ್ಣದ ಧೂಳಿನದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಜಾಸ್ತಿ ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅಂದರೆ ಅದಕ್ಕೂ ಹಿಂದಿನ ಗೇಟು, ಕಿಟಕಿ ಸರಳುಗಳ ಕೆಳಪದರದಲ್ಲಿ ಏನಿದೆಯೋ ಹೇಳಲಾಗದು. ಒಣಗಿದ ಬಣ್ಣ ಕೆರೆದಾಗ ಆ ಪುಡಿ ಅಂಗಳದಲ್ಲಿ ಬೀಳುತ್ತದೆ. ಅಂಗಳದಲ್ಲಿ ಮಗು ಅಂಬೆಗಾಲಿಡುತ್ತದೆ, ಕೈ ಬಾಯಿಗೆ ಹೋಗುತ್ತದೆ. ಸಣ್ಣ ಮಕ್ಕಳ ಮಿದುಳಿಗೆ ಸೀಸ ಎಷ್ಟು ಕಡಿಮೆಯಿದ್ದರೂ ಕೆಟ್ಟದ್ದು. ಹಾಗಾಗಿ ನೀರು ಹಾಕಿಕೊಂಡು ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಬೆಂಕಿ ಹಿಡಿದು ಬಣ್ಣ ಸುಡುವುದಂತೂ ಬೇಡವೇ ಬೇಡ, ಸೀಸ ಹೊಗೆಯಾಗಿ ಮೂಗಿಗೇ ಬರುತ್ತದೆ. ಪ್ಯಾರಿಸ್‌ನ ಐಫೆಲ್ ಗೋಪುರಕ್ಕೂ ಇದೇ ಪೇಚು. ಹಳೆಯ ಬಣ್ಣ ಕೆರೆಯುತ್ತಿದ್ದಾಗ ಸೀಸದ ಮಟ್ಟ ಏರಿದ್ದರಿಂದ 2021ರಲ್ಲಿ ಕೆಲಸವನ್ನೇ ನಿಲ್ಲಿಸಬೇಕಾಯಿತು.

ಹಚ್ಚಿ ಬಣ್ಣ ಕರಗಿಸುವ ಪೇಂಟ್ ರಿಮೂವರ್‌ಗಳೂ ಸಿಗುತ್ತವೆ. ಇವುಗಳಲ್ಲಿ ಹಳೆಯ ಹುಲಿ ಮಿಥಿಲೀನ್ ಕ್ಲೋರೈಡ್. ಮುಚ್ಚಿದ ಬಚ್ಚಲಿನಲ್ಲಿ ಸ್ನಾನದ ತೊಟ್ಟಿ ಕೆರೆಯುತ್ತಿದ್ದ ಕೆಲಸಗಾರರು ಇದರ ಆವಿಗೆ ಸತ್ತ ಉದಾಹರಣೆಗಳು ಅಮೆರಿಕದಲ್ಲಿ ಹಲವು. ಅಲ್ಲಿ 2019ರಲ್ಲಿ ಸಾಮಾನ್ಯ ಜನ ಕೊಳ್ಳುವ ರಿಮೂವರ್‌ಗಳಿಂದ ಇದನ್ನು ತೆಗೆಸಿದರು. 2024ರಲ್ಲಿ ಇನ್ನೂ ಹೆಚ್ಚಿನ ಬಳಕೆಗಳನ್ನು ನಿಷೇಧಿಸಿದರು. ನೀವು ಕೊಳ್ಳುವ ಡಬ್ಬಿಯ ಹಿಂದೆ ಏನು ಬರೆದಿದೆ, ಓದಿ.

ಮರಳು

ಈಗ ದೊಡ್ಡ ವಿಷಯ. ಕಂಪ್ರೆಸರ್ ಗಾಳಿಯಲ್ಲಿ ಮರಳನ್ನು ಉಕ್ಕಿನ ಮೇಲೆ ಊದುವ ವಿದ್ಯೆಗೆ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ತೆಗೆದುಕೊಂಡ. ಇಷ್ಟು ವರ್ಷವಾದರೂ ಬ್ಲಾಸ್ಟಿಂಗ್ ಅನ್ನು ಮೀರಿಸುವ ವಿಧಾನ ಭಾರೀ ಉಕ್ಕಿನ ಕೆಲಸಕ್ಕೆ ಬಂದಿಲ್ಲ ಎಂದೇ ನನ್ನ ಲೆಕ್ಕ. ತುಕ್ಕು, ಮಿಲ್ ಸ್ಕೇಲ್, ಬಣ್ಣ ಎಲ್ಲವನ್ನೂ ಒಂದೇ ಏಟಿಗೆ ತೆಗೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಉಕ್ಕಿನ ಮೈಯನ್ನು ತರಿತರಿ ಮಾಡುತ್ತದೆ. ಗೋಡೆಗೆ ಗಾರೆ ಹಿಡಿಯಲಿ ಎಂದು ಕಚ್ಚು ಹೊಡೆಯುತ್ತಾರಲ್ಲ, ಹಾಗೆ. ಈ ತರಿಯ ಆಳ ಸಾಮಾನ್ಯವಾಗಿ 40ರಿಂದ 75 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಎಪಾಕ್ಸಿಯಂಥ ಗಟ್ಟಿ ಬಣ್ಣಗಳಿಗೆ ಈ ಹಿಡಿತ ಬೇಕೇ ಬೇಕು.

ಎಷ್ಟು ಶುಚಿಯಾಗಿದೆ ಎಂದು ಹೇಳುವುದಕ್ಕೆ ಸ್ವೀಡನ್ನಿನವರು ಫೋಟೊಗಳ ಒಂದು ಪುಸ್ತಕವನ್ನೇ ಮಾಡಿದರು. ಇಂಥ ತುಕ್ಕನ್ನು ಇಷ್ಟು ತೆಗೆದರೆ ಹೀಗೆ ಕಾಣಬೇಕು ಅಂತ. ಅದೇ ಮುಂದೆ ಐಎಸ್‌ಒ 8501 ಆಯಿತು. ಇಂದಿಗೂ ಸೈಟಿನಲ್ಲಿ ಇನ್‌ಸ್ಪೆಕ್ಟರ್ "ಎಸ್‌ಎ ಎರಡೂವರೆ ಬಂದಿದೆಯಾ?" ಎಂದು ಕೇಳಿದರೆ ಆ ಫೋಟೊ ಜೊತೆ ಹೋಲಿಸಿ ನೋಡುವುದೇ. ಎಸ್‌ಎ 3 ಅಂದರೆ ಪೂರ್ತಿ ಬೆಳ್ಳಿ. ಎರಡೂವರೆ ಅಂದರೆ ಅಲ್ಲಲ್ಲಿ ನೆರಳಿನಂಥ ಕಲೆ ಉಳಿದರೂ ಸರಿ. ಒಂದು ಅಂತರರಾಷ್ಟ್ರೀಯ ಮಾನದಂಡದಲ್ಲಿ ಎರಡೂವರೆ ಎಂಬ ಅಂಕೆ ಇರುವುದು ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಪೂರ್ತಿ ಮೂರಕ್ಕೆ ಹೋದರೆ ದುಡ್ಡು ದಂಡ, ಎರಡಕ್ಕೆ ನಿಂತರೆ ಬಣ್ಣ ದಂಡ ಎಂದು ತಿಳಿದವರು ಮಾಡಿದ ಅಂಕೆ ಅದು.

ಈ ಶುಚಿಗೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ನೋಡಿ. 1890ರಲ್ಲಿ ಶುರುವಾದ ಸೇತುವೆ. ಒಂದು ತುದಿಯಿಂದ ಬಣ್ಣ ಹೊಡೆಯುತ್ತಾ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿ ಹಾಳಾಗಿರುತ್ತದೆ ಎಂಬ ಮಾತು ಅಲ್ಲಿ ಗಾದೆಯೇ ಆಗಿತ್ತು. ನೂರು ವರ್ಷ ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿದದ್ದೇ ಬಳಿದದ್ದು. 2002ರಿಂದ 2011ರವರೆಗೆ ಸೇತುವೆಯ ಭಾಗ ಭಾಗಕ್ಕೆ ಹೊದಿಕೆ ಕಟ್ಟಿ, ಬ್ಲಾಸ್ಟ್ ಮಾಡಿ, ಹಳೆಯ ಬಣ್ಣವನ್ನೆಲ್ಲ ಉಕ್ಕಿನವರೆಗೆ ತೆಗೆದರು. ಕಡಲಿನ ತೈಲ ವೇದಿಕೆಗಳಿಗೆ ಬಳಸುವಂಥ ಗಾಜಿನ ಚೂರು ಬೆರೆತ ಎಪಾಕ್ಸಿಯನ್ನು ಸೇರಿಸಿ ಮೂರು ಪದರ ಕೊಟ್ಟರು. ಈಗ 25 ವರ್ಷ ಬಾಳುತ್ತದೆ ಎಂಬ ನಿರೀಕ್ಷೆ. ಗಾದೆ ಸತ್ತಿತು. ಬಣ್ಣ ಒಳ್ಳೆಯದು, ನಿಜ. ಆದರೆ ಅದೇ ಬಣ್ಣವನ್ನು ಹಳೆಯ ಚಕ್ಕೆಗಳ ಮೇಲೆ ಹೊಡೆದಿದ್ದರೆ ಆ ಚಕ್ಕೆಗಳ ಜೊತೆಗೇ ಉದುರುತ್ತಿತ್ತು.

ಆ ಹೊದಿಕೆ ಕಟ್ಟಿದ್ದು ಸುಮ್ನೆ ಅಲ್ಲ. ತೆಗೆದ ಬಣ್ಣ ಕೆಳಗಿನ ನೀರಿಗೆ ಬೀಳಬಾರದು. ನಮ್ಮಲ್ಲಿ ತಪ್ಪುವುದು ಇಲ್ಲೇ.

ಮರಳು ಅಂದರೆ ಬಹುಪಾಲು ಸ್ಫಟಿಕ ರೂಪದ ಸಿಲಿಕಾ. ಉಕ್ಕಿಗೆ ಬಡಿದಾಗ ಕಣ ಪುಡಿಪುಡಿಯಾಗುತ್ತದೆ. ಕಣ್ಣಿಗೆ ಕಾಣುವ ಧೂಳು ಅಷ್ಟೇನೂ ಕೆಟ್ಟದ್ದಲ್ಲ, ಮೂಗಿನಲ್ಲೇ ನಿಲ್ಲುತ್ತದೆ. ಕಾಣದ, ಐದು ಮೈಕ್ರಾನಿಗಿಂತ ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿನ ಕಾವಲು ಜೀವಕೋಶಗಳು ಅದನ್ನು ನುಂಗಲು ಹೋಗಿ ತಾವೇ ಸಾಯುತ್ತವೆ. ಆ ಜಾಗ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಹೊಸದಾಗಿ ಒಡೆದ ಸಿಲಿಕಾ ಹಳೆಯದಕ್ಕಿಂತ ಜಾಸ್ತಿ ಕೆಟ್ಟದ್ದು, ಬ್ಲಾಸ್ಟಿಂಗ್‌ನಲ್ಲಿ ಸಿಗುವುದು ಅದೇ. ಇದು ಸಿಲಿಕೋಸಿಸ್. ವಾಸಿ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಮುಂದುವರಿಯುತ್ತದೆ, ಕ್ಷಯ ಬೇಗ ಅಂಟುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಈ ಕಣ ನಿಲ್ಲುವುದಿಲ್ಲ.

ಈ ಕಾಯಿಲೆಯ ಭಾರತದ ಕತೆ ಶುರುವಾಗುವುದೇ ಕರ್ನಾಟಕದಲ್ಲಿ. ದೇಶದಲ್ಲಿ ಮೊದಲು ಇದು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1934ರಲ್ಲಿ. ಬ್ರಿಟನ್ ಎರಕದ ವಸ್ತುಗಳನ್ನು ಮರಳು ಊದಿ ತೊಳೆಯುವುದನ್ನು ತಡೆಯಲು 1949ರಲ್ಲೇ ನಿಯಮ ಮಾಡಿತು. ಟರ್ಕಿಯಲ್ಲಿ ಜೀನ್ಸ್ ಬಟ್ಟೆಗೆ ಹಳೆಯ ಕಳೆ ಬರಿಸಲು ಮರಳು ಊದುತ್ತಿದ್ದ ಹುಡುಗರು ಸಾಲು ಸಾಲಾಗಿ ಕಾಯಿಲೆ ಬಿದ್ದ ಮೇಲೆ 2009ರಲ್ಲಿ ಅದನ್ನು ನಿಷೇಧಿಸಿದರು. ಅಮೆರಿಕದಲ್ಲಿ ಎಂಟು ಗಂಟೆಯ ಪಾಳಿಗೆ ಸಿಲಿಕಾ ಧೂಳಿನ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಒಂದು ಚಿಟಿಕೆ ಉಪ್ಪನ್ನು ಸಾವಿರಾರು ಪಾಲು ಮಾಡಿ ಒಂದು ಪಾಲು ತೆಗೆದುಕೊಂಡರೆ ಎಷ್ಟೋ ಅಷ್ಟು. ಕಣ್ಣಿಗೆ ಗಾಳಿ ತಿಳಿಯಾಗಿಯೇ ಕಾಣುತ್ತದೆ.

ನಮ್ಮಲ್ಲೂ ಕಾನೂನಿಲ್ಲ ಎಂದಲ್ಲ. 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು, ವೈದ್ಯರು ಅದನ್ನು ವರದಿ ಮಾಡಲೇಬೇಕು. ಗಾಳಿಯ ಒತ್ತಡದಲ್ಲಿ ಬ್ಲಾಸ್ಟ್ ಮಾಡುವುದು ಅಪಾಯದ ಕೆಲಸಗಳ ಸಾಲಿನಲ್ಲಿ ಬರುತ್ತದೆ. ಆದರೆ ಕಾಯಿದೆಯ ಕಣ್ಣಿಗೆ ಕಾರ್ಖಾನೆ ಅನಿಸಿಕೊಳ್ಳಲು ಇಷ್ಟು ಜನ ಇರಬೇಕು ಎಂಬ ಲೆಕ್ಕ ಇದೆ. ನನ್ನ ಗೆಳೆಯನಂಥ ನಾಲ್ಕು ಜನರ ಶೆಡ್ಡು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರುವುದಿಲ್ಲ. ಬ್ಲಾಸ್ಟಿಂಗ್ ಹುಡುಗ ವರ್ಷಕ್ಕೊಂದು ಕಡೆ ಕೆಲಸ ಮಾಡುತ್ತಾನೆ. ಹತ್ತು ವರ್ಷದ ಮೇಲೆ ಉಸಿರು ಕಟ್ಟಿದಾಗ ಯಾವ ಶೆಡ್ಡಿನ ಧೂಳು ಎಂದು ಯಾರಿಗೆ ಗೊತ್ತು? ಊರಿನ ಡಾಕ್ಟರು ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಬರೆಯುವ ಸಾಧ್ಯತೆಯೇ ಜಾಸ್ತಿ, ಎರಡೂ ಮೇಲ್ನೋಟಕ್ಕೆ ಹಾಗೇ ಕಾಣುತ್ತವೆ.

ಮರಳಿನ ಬದಲು ಏನು? ಉಕ್ಕಿನ ಚೂರು, ಗುಂಡು ಇವೆ. ಮುಚ್ಚಿದ ಕೋಣೆಯಲ್ಲಿ ಎತ್ತಿಕೊಂಡು ಮತ್ತೆ ಮತ್ತೆ ಬಳಸಬಹುದು, ಬಯಲಿನಲ್ಲಿ ದುಬಾರಿ. ಗಾರ್ನೆಟ್ ಎಂಬ ಖನಿಜದ ಹರಳು ಇದೆ. ಗಟ್ಟಿ, ಧೂಳು ಕಡಿಮೆ. ಇದು ತಮಿಳುನಾಡಿನ ದಕ್ಷಿಣದ ಕಡಲತೀರದ ಮರಳಿನಲ್ಲಿ ಧಾರಾಳವಾಗಿತ್ತು. ಅಕ್ರಮ ಗಣಿಗಾರಿಕೆಯ ಗಲಾಟೆಯಾಗಿ 2013ರಲ್ಲಿ ಅಲ್ಲಿನ ಸರ್ಕಾರ ತೀರದ ಗಣಿಗಾರಿಕೆ ನಿಲ್ಲಿಸಿತು. ತಾಮ್ರದ ಕಿಟ್ಟ ಇದೆ. ತಾಮ್ರ ಕರಗಿಸಿದಾಗ ಉಳಿಯುವ ಕರಿ ಹರಳು. ಸಿಲಿಕಾ ಗಾಜಿನೊಳಗೆ ಸಿಕ್ಕಿಕೊಂಡಿರುವುದರಿಂದ ಆ ಅಪಾಯ ಕಡಿಮೆ. ಬೆರಿಲಿಯಂ, ಆರ್ಸೆನಿಕ್ ಚೂರುಪಾರು ಇರುತ್ತವೆ. ಇದೂ ತೂತ್ತುಕುಡಿಯಲ್ಲಿ ಬೆಟ್ಟದಂತೆ ಬೀಳುತ್ತಿತ್ತು. ಗಾಳಿ, ನೀರು ಕೆಟ್ಟಿತೆಂದು ಜನ ಬೀದಿಗಿಳಿದು, ಗೋಲಿಬಾರ್ ಆಗಿ ಜನ ಸತ್ತು, ಆ ತಾಮ್ರದ ಕಾರ್ಖಾನೆ 2018ರಲ್ಲಿ ಮುಚ್ಚಿತು. ಒಬ್ಬರ ಶ್ವಾಸಕೋಶ ಉಳಿಸುವ ವಸ್ತು ಇನ್ನೊಬ್ಬರ ಊರಿನ ಗಲಾಟೆಯಿಂದ ಬರುತ್ತಿತ್ತು. ನದಿಮರಳು ಹೇಗೂ ಸಿಗುತ್ತದೆ, ಅಗ್ಗ. ಲೆಕ್ಕ ಅಲ್ಲಿಗೇ ವಾಪಸ್ ಬರುತ್ತದೆ.

ಅಡುಗೆ ಸೋಡಾ, ನೀರು, ಬೆಳಕು

ನನಗೆ ಬಹಳ ಇಷ್ಟವಾದ ಪ್ರಕರಣ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯದು. 1984ರಿಂದ 1986ರವರೆಗೆ ಅದರ ದುರಸ್ತಿ ನಡೆಯಿತು. ಹೊರಗಿನ ತಾಮ್ರದ ತಗಡು ಎರಡೂವರೆ ಮಿಲಿಮೀಟರ್‌ಗಿಂತ ತೆಳು. ಒಳಮೈಗೆ ಹಲವು ಪದರ ಬಣ್ಣ, ಅದರ ಕೆಳಗೆ ಟಾರು. ಮರಳು ಊದಿದರೆ ತಗಡೇ ಸವೆಯುತ್ತದೆ. ರಾಸಾಯನಿಕ ಹಾಕಿದರೆ ಒಳಗಿರುವ ಕೆಲಸಗಾರರು ಉಸಿರಾಡುವುದು ಹೇಗೆ? ಮೊದಲು ದ್ರವ ಸಾರಜನಕ ಸಿಂಪಡಿಸಿದರು. ಆ ಚಳಿಗೆ ಬಣ್ಣ ಮುದುರಿ, ಬಿರಿದು, ಹಪ್ಪಳದ ಹಾಗೆ ಉದುರಿತು. ಟಾರು ಜಗ್ಗಲಿಲ್ಲ. ಆಗ ಅಡುಗೆ ಸೋಡಾ ಊದಿದರು. ಸೋಡಾದ ಕಣ ಮೆತ್ತಗೆ, ತಾಮ್ರಕ್ಕೆ ಗೀರು ಬೀಳಲಿಲ್ಲ, ಟಾರು ಬಿಟ್ಟಿತು. ಎಲ್ಲ ಚೆನ್ನಾಗಿತ್ತು. ಆದರೆ ಸೋಡಾ ಪುಡಿ ತಗಡಿನ ಸಂದಿಗಳಿಂದ ಹೊರಗೆ ಸೋರಿತು. ಹೊರಗಿನ ಹಸಿರು ಕಿಲುಬಿನ ಮೇಲೆ ಬಿದ್ದು, ತೇವಕ್ಕೆ ಅದರ ಜೊತೆ ಸೇರಿ, ಅಲ್ಲಲ್ಲಿ ಹಸಿರು ನೀಲಿಗೆ ತಿರುಗಿತು. ಆ ಹಸಿರು ಪದರವೇ ತಾಮ್ರವನ್ನು ನೂರು ವರ್ಷ ಕಾದದ್ದು. ಹಾಗಾಗಿ ಹೊರಗಿನಿಂದ ನೀರು ಹೊಡೆದು ಸೋಡಾವನ್ನು ತೊಳೆಯುತ್ತಲೇ ಇರಬೇಕಾಯಿತು. ಜಗತ್ತಿನ ಅತ್ಯಂತ ನಿರುಪದ್ರವಿ ಪುಡಿ, ಅದೂ ಎಲ್ಲೋ ಹೋಗಿ ಬೀಳಲೇಬೇಕಲ್ಲ.

ನೀರನ್ನೇ ಅಸ್ತ್ರ ಮಾಡಿಕೊಂಡ ವಿಧಾನವೂ ಇದೆ. ಕಾರು ತೊಳೆಯುವ ಪಂಪಿನ ಒತ್ತಡ ನೂರು, ನೂರೈವತ್ತು ಬಾರ್. ಹಡಗುಕಟ್ಟೆಗಳಲ್ಲಿ 2,000 ಬಾರ್‌ಗಿಂತ ಜಾಸ್ತಿ ಒತ್ತಡದ ನೀರಿನಿಂದ ಬಣ್ಣ, ತುಕ್ಕು ಎಲ್ಲ ಕಿತ್ತು ಹಾಕುತ್ತಾರೆ. ಸಿಲಿಕಾ ಧೂಳಿಲ್ಲ, ಗುಂಡಿಯ ಉಪ್ಪೂ ತೊಳೆದು ಹೋಗುತ್ತದೆ. ಕರಾವಳಿಗೆ ಹೇಳಿ ಮಾಡಿಸಿದಂತಿದೆ. ಹೊಸ ತರಿ ಮಾತ್ರ ಮೂಡುವುದಿಲ್ಲ, ಮತ್ತೆ ಒದ್ದೆ ಉಕ್ಕಿಗೆ ಗಂಟೆಯೊಳಗೆ ತೆಳು ಕೆಂಪು ಬರುತ್ತದೆ. ಬೆರಳು ಅಡ್ಡ ಬಂದರೆ ಅದನ್ನೂ ಕತ್ತರಿಸುತ್ತದೆ. ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಊದುವುದು ಅಚ್ಚು, ಮೋಟರ್‌ಗಳ ಜಿಡ್ಡಿಗೆ ಚೆಂದ, ದಪ್ಪ ತುಕ್ಕಿಗೆ ಅಲ್ಲ.

ಕೊನೆಗೆ ಲೇಸರ್. ಇದರ ಮೂಲ ಕಲೆಯಲ್ಲಿದೆ. 1972ರಲ್ಲಿ ಜಾನ್ ಆಸ್ಮಸ್ ಎಂಬ ಅಮೆರಿಕದ ಭೌತವಿಜ್ಞಾನಿ ವೆನಿಸ್‌ಗೆ ಹೋಗಿದ್ದು ಲೇಸರ್ ಬೆಳಕಿನಲ್ಲಿ ಶಿಲ್ಪಗಳ ಮೂರು ಆಯಾಮದ ಚಿತ್ರ, ಅಂದರೆ ಹೋಲೋಗ್ರಾಂ ತೆಗೆಯಲು. ಅಮೃತಶಿಲೆಯ ಮೇಲಿನ ಕಪ್ಪು ಹೊಗೆಯ ಪದರಕ್ಕೆ ಲೇಸರ್ ತಾಗಿಸಿದಾಗ ಕಪ್ಪು ಹಾರಿಹೋಯಿತು, ಬಿಳಿ ಕಲ್ಲು ಹಾಗೇ ಉಳಿಯಿತು. ಕಪ್ಪು ಬೆಳಕನ್ನು ಕುಡಿದು ಕಾದು ಆವಿಯಾಗುತ್ತದೆ. ಬಿಳಿ ಅದನ್ನು ವಾಪಸ್ ಎಸೆಯುತ್ತದೆ. ತುಕ್ಕು ಮತ್ತು ಉಕ್ಕಿನ ನಡುವೆಯೂ ಹೆಚ್ಚುಕಡಿಮೆ ಇದೇ ಸಂಬಂಧ. ತುಕ್ಕು ಇರುವವರೆಗೆ ಸುಡುತ್ತದೆ, ಉಕ್ಕು ಬಂದಾಗ ತಾನಾಗಿ ನಿಲ್ಲುತ್ತದೆ. ಅಚ್ಚು, ಗೇರು, ಬೆಸುಗೆಗೆ ಮುಂಚಿನ ಅಂಚು, ಹಳೆಯ ವಿಗ್ರಹದಂಥ ನಾಜೂಕು ಕೆಲಸಕ್ಕೆ ಇದಕ್ಕೆ ಸಾಟಿ ಇಲ್ಲ.

ಆದರೆ ಮಾರುಕಟ್ಟೆಯಲ್ಲಿ ಎರಡು ಬಗೆ ಇದೆ. ಬಿಟ್ಟು ಬಿಟ್ಟು ಮಿನುಗುವ ಪಲ್ಸ್ ಲೇಸರ್ ಒಂದು. ಮಿನುಗು ಎಷ್ಟು ಚಿಕ್ಕದೆಂದರೆ ಕೆಳಗಿನ ಉಕ್ಕಿಗೆ ಕಾಯಲು ಸಮಯವೇ ಸಿಗುವುದಿಲ್ಲ. ಇದು ದುಬಾರಿ. ಎಡೆಬಿಡದೆ ಉರಿಯುವುದು ಇನ್ನೊಂದು. ಬೆಸುಗೆ, ಕತ್ತರಿಸುವುದು, ತೊಳೆಯುವುದು ಮೂರೂ ಮಾಡುತ್ತದೆ ಎಂದು ಮಾರುವುದು ಸಾಮಾನ್ಯವಾಗಿ ಇದನ್ನೇ. ವಾಟ್ ಜಾಸ್ತಿ, ಬೆಲೆ ಕಡಿಮೆ. ತುಕ್ಕು ಹೋಗುತ್ತದೆ, ಜೊತೆಗೆ ತೆಳು ತಗಡು ಕಾದು ನೀಲಿಗಟ್ಟುತ್ತದೆ, ಸೊಟ್ಟಗಾಗುತ್ತದೆ. ಗೆಳೆಯನಿಗೆ ಬಂದ ವಿಡಿಯೊ ಈ ಎರಡನೆಯದು. ಎರಡರಿಂದಲೂ ಬ್ಲಾಸ್ಟಿಂಗ್‌ನಂಥ ತರಿ ಬರುವುದಿಲ್ಲ. ವಿಶಾಲವಾದ ಟ್ರಸ್‌ಗೆ ವೇಗವೂ ಸಾಲದು.

ಇನ್ನು ಕಣ್ಣು. ಈ ಲೇಸರಿನ ಅಲೆಯುದ್ದ ಸುಮಾರು 1,064 ನ್ಯಾನೋಮೀಟರ್. ಮನುಷ್ಯನ ಕಣ್ಣಿಗೆ ಕಾಣದ ಬೆಳಕು. ವಿಡಿಯೊದಲ್ಲಿ ಹೊಳೆಯುವುದು ಲೇಸರ್ ಅಲ್ಲ, ಉರಿಯುತ್ತಿರುವ ತುಕ್ಕು. ಕಾಣದಿದ್ದರೂ ಕಣ್ಣಿನ ಮಸೂರ ಅದನ್ನು ರೆಟಿನಾದ ಮೇಲೆ ಚುಕ್ಕೆಯಾಗಿ ಕೂಡಿಸುತ್ತದೆ. ಹೊಳೆಯುವ ಉಕ್ಕಿನಿಂದ ಪ್ರತಿಫಲಿಸಿ ಬಂದರೂ ಸಾಕು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗುವುದಿಲ್ಲ. ವೆಲ್ಡಿಂಗ್ ಕನ್ನಡಕ ಇದಕ್ಕೆ ಮಾಡಿದ್ದಲ್ಲ. ಆ ಅಲೆಯುದ್ದಕ್ಕೇ ಮಾಡಿದ ಕನ್ನಡಕ ಬೇಕು, ಶೆಡ್ಡಿನಲ್ಲಿ ಇರುವ ಎಲ್ಲರಿಗೂ ಬೇಕು, ಸುತ್ತ ಪರದೆ ಬೇಕು. ಬಾಗಿಲು ತೆರೆದ ಶೆಡ್ಡು, ಮುಂದೆ ರಸ್ತೆ, ಟೀ ತರುವ ಹುಡುಗ, ಇವನ್ನೆಲ್ಲ ನೆನಪಿಸಿಕೊಳ್ಳಿ.

ಆವಿಯಾದ ತುಕ್ಕು ಗಾಳಿಯಲ್ಲಿ ತಣಿದು, ಮರಳಿನ ಧೂಳಿಗಿಂತಲೂ ಎಷ್ಟೋ ಸಣ್ಣ ಕಣವಾಗುತ್ತದೆ. ಮೇಲೆ ಹಳೆಯ ಬಣ್ಣವಿದ್ದರೆ ಅದರ ಸೀಸ, ಗ್ಯಾಲ್ವನೈಸ್ ಆಗಿದ್ದರೆ ಸತು, ಕೆಲವು ಪ್ರೈಮರ್‌ಗಳಾದರೆ ಕ್ರೋಮಿಯಂ. ಸಿಲಿಕಾ ಇಲ್ಲ, ಅದು ದೊಡ್ಡ ಲಾಭವೇ. ಆದರೆ ನಾಜಲ್ ಪಕ್ಕದಲ್ಲೇ ಹೊಗೆ ಎಳೆದು ಸೋಸುವ ಯಂತ್ರ ಇಲ್ಲದಿದ್ದರೆ ಕಲಾಯಿಯವನ ಬಿಳಿ ಹೊಗೆಯೇ ಮತ್ತೆ, ಈ ಸಲ ಕಣ್ಣಿಗೂ ಕಾಣದು.

ಗೆಳೆಯನಿಗೆ ನಾನು ಹೇಳಿದ್ದಿಷ್ಟು. ಟ್ರಸ್ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ ಉಕ್ಕಿನ ಚೂರಿನಿಂದ ಬ್ಲಾಸ್ಟ್ ಮಾಡಿಕೊಡುವವರಿಗೆ ಕಳಿಸು, ಬಿಲ್ಲಿನಲ್ಲಿ ಸೇರಿಸು. ಗೇಟು, ಗ್ರಿಲ್‌ಗೆ ಗ್ರೈಂಡರ್ ಸಾಕು, ಹುಡುಗರಿಗೆ ಸರಿಯಾದ ಮಾಸ್ಕ್ ಕೊಡು. ಲೇಸರ್ ಬೇಕೇ ಬೇಕು ಅಂದರೆ ಪಲ್ಸ್‌ನದು ನೋಡು, ಕೊಟೇಶನ್ ತರಿಸು.

ತರಿಸಿದ, ನನಗೂ ಕಳಿಸಿದ. ಯಂತ್ರ, ಕೂಲಿಂಗ್ ಘಟಕ, ಹತ್ತು ಮೀಟರ್ ಕೇಬಲ್, ಕನ್ನಡಕ ಒಂದು. ಹೊಗೆ ಎಳೆಯುವ ಯಂತ್ರದ ಸಾಲು ಎಲ್ಲೂ ಇರಲಿಲ್ಲ. ಫೋನ್ ಮಾಡಿ ಕೇಳು ಎಂದೆ. ಕೇಳಿದನಂತೆ. "ಶಟರ್ ಮೇಲೆತ್ತಿಟ್ಟರೆ ಸಾಕು ಸರ್, ಹೊರಗೆ ಹೋಗುತ್ತೆ" ಎಂದರಂತೆ.